ಎಡಗೈ ಹಾಡನ್ನು ನುಂಗದಿರಲಿ

ಪ್ರಶ್ನೆ: ಪಿಯಾನೋದಲ್ಲಿ ಸಂಯೋಜಕ ಶೋಪಾನ್‌ನ ಇ-ಫ್ಲ್ಯಾಟ್ ಮೇಜರ್ ನಾಕ್ಟರ್ನ್ (ರಾತ್ರಿಯ ಭಾವದ ಕೃತಿ; ಓಪಸ್ ಅಂದರೆ ಕೃತಿಸಂಖ್ಯೆ 9, ಅದರಲ್ಲಿ 2ನೆಯದು) ಅಭ್ಯಾಸ ಮಾಡುತ್ತಿದ್ದೇನೆ. ಸ್ವರಗಳು ತಪ್ಪುವುದಿಲ್ಲ, ಆದರೆ ಎಡಗೈ ಸದ್ದೇ ಮುಂದಾಗುತ್ತದೆ. ತಗ್ಗಿಸಿದರೆ ಕೆಲವು ಸ್ವರ ಕೇಳಿಸುವುದೇ ಇಲ್ಲ. ಭಾವ ತರಲು ಹೋದರೆ ಲಯ ಜಾರುತ್ತದೆ. ಏನು ಮಾಡಲಿ?

ಉತ್ತರ: ಎಡಗೈಯನ್ನು ಇಡಿಯಾಗಿ ತಗ್ಗಿಸಬೇಡಿ. ಅದು ಮಾಡುವ ಕೆಲಸ ಒಂದಲ್ಲ, ಎರಡು. 12/8 ತಾಳದ ಪ್ರತಿ ಬಾರ್‌ನಲ್ಲಿ (ಆವರ್ತದಲ್ಲಿ) ಮೂರು ಮೂರು ಕ್ವೇವರ್‌ಗಳ (ಎಂಟನೇ ಒಂದು ಅಳತೆಯ ಸ್ವರಗಳ) ನಾಲ್ಕು ಗುಂಪು. ಹೆಚ್ಚಿನ ಕಡೆ ಗುಂಪಿನ ಮೊದಲನೆಯದು ಬೇಸ್ (ಕೆಳಗಿನ, ಮಂದ್ರ) ಸ್ವರ, ಉಳಿದೆರಡು ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳು. ಬಲಗೈಯ ಹಾಡು ನಿಂತಿರುವುದು ಬೇಸ್ ಮೇಲೆ, ಅದಕ್ಕೆ ತೂಕ ಬೇಕು. ತೆಳುವಾಗಬೇಕಾದದ್ದು ಕಾರ್ಡ್‌ಗಳು.

ಅವು ಜೋರಾಗುವುದು ಕೈ ಹಾರುವ ರಭಸದಿಂದ. ದನಿಯ ಗಾತ್ರ ಪಿಯಾನೋದೊಳಗಿನ ಹ್ಯಾಮರ್ (ಸುತ್ತಿಗೆ) ತಂತಿಗೆ ಬಡಿಯುವ ವೇಗವನ್ನು ಅವಲಂಬಿಸಿದೆ. ಮೇಲಿನಿಂದ ಬಿದ್ದ ಕೈ ಆ ವೇಗ ಹೆಚ್ಚಿಸಿಬಿಡುತ್ತದೆ. ಬೆರಳು ಮೊದಲು ಕೀಗಳನ್ನು ಮುಟ್ಟಲಿ, ಆಮೇಲೆ ಒತ್ತಲಿ. ಎರಡನೆಯ ಕಾರ್ಡ್‌ಗೂ ಬೆರಳು ಕೀ ಬಿಟ್ಟು ಏಳುವುದು ಬೇಡ. ಸ್ವರ ಮಾಯವಾಗುತ್ತಿದ್ದರೆ ಕೀ ತಳ ಮುಟ್ಟುವವರೆಗೆ ಇಳಿಯುತ್ತಿಲ್ಲ, ಇಲ್ಲವೇ ತೀರಾ ನಿಧಾನವಾಗಿ ಇಳಿಯುತ್ತಿದೆ ಎಂದರ್ಥ. ಮೆಲ್ಲಗೆ, ಆದರೆ ತಳದವರೆಗೆ ಒತ್ತಿ, ಅರ್ಧಕ್ಕೆ ಬಿಡಬೇಡಿ.

ಎರಡು ಬಾರ್ ಆರಿಸಿಕೊಂಡು, ಪೆಡಲ್ (ದನಿಯನ್ನು ಉಳಿಸಲು ಕಾಲಿನಿಂದ ಒತ್ತುವ ಸನ್ನೆ) ಇಲ್ಲದೆ, ಬಲಗೈಯನ್ನು ತುಂಬು ದನಿಯಲ್ಲಿ ನುಡಿಸಿ. ಎಡಗೈ ಅದೇ ಲಯದಲ್ಲಿ ಕೀಗಳನ್ನು ಬರಿದೇ ಸವರುತ್ತಿರಲಿ. ನಾಲ್ಕು ಸಲ ಆದ ಮೇಲೆ ಬೇಸ್ ಮಾತ್ರ ಸೇರಿಸಿ, ಕೊನೆಗೆ ಕಾರ್ಡ್.

ಇನ್ನು ಬಲಗೈ. ನಿಜವಾದ ಸೂಕ್ಷ್ಮ ಇರುವುದು ಇಲ್ಲಿ. ಪಿಯಾನೋ ದನಿ ಹುಟ್ಟಿದ ಕ್ಷಣದಿಂದಲೇ ಸೊರಗತೊಡಗುತ್ತದೆ, ಮೇಲಿನ ಸ್ಥಾಯಿಯಲ್ಲಿ ಇನ್ನೂ ಬೇಗ. ಹಾಗಾಗಿ ದೀರ್ಘ ಸ್ವರವನ್ನು ಅಕ್ಕಪಕ್ಕದವಕ್ಕಿಂತ ಹೆಚ್ಚು ತುಂಬಿ ನುಡಿಸಬೇಕು. ಅದು ಸೊರಗಿದಂತೆ ಕೆಳಗಿನ ಕಾರ್ಡ್‌ಗಳೂ ಸೊರಗಲಿ. ಮುಂದಿನ ಸ್ವರ, ಹಿಂದಿನದು ಎಷ್ಟಕ್ಕೆ ಇಳಿದಿದೆಯೋ ಅಲ್ಲಿಂದ ಶುರುವಾಗಲಿ. ಇಲ್ಲವಾದರೆ ಪ್ರತಿ ಸ್ವರವೂ ಬೇರೆ ಬೇರೆಯಾಗಿ ಕುಕ್ಕುತ್ತದೆ. ಕಿವಿಗೊಟ್ಟು ಕೇಳದೆ ಇದು ಕೈಗೆ ಬಾರದು.

ಪೆಡಲ್: ಹೊಸ ಬೇಸ್ ನುಡಿದಾಗ ಕಾಲು ಎತ್ತಿ, ಬೆರಳು ಆ ಕೀಯನ್ನು ಬಿಡುವ ಮೊದಲೇ ಮತ್ತೆ ಒತ್ತಿ. ತಡವಾದರೆ ಬೇಸ್ ಕಳಚಿಹೋಗುತ್ತದೆ. ಎತ್ತದೆ ಹಿಡಿದರೆ ಹಳೆಯ ಕಾರ್ಡ್ ಕಲಸಿಕೊಳ್ಳುತ್ತದೆ.

ಲಯದ ವಿಷಯ. ಎಡಗೈ ವಾದ್ಯವೃಂದದ ನಿರ್ದೇಶಕನಿದ್ದಂತೆ ಎಂದು ಶೋಪಾನ್ ಹೇಳುತ್ತಿದ್ದುದನ್ನು ಅವನ ಶಿಷ್ಯರು ದಾಖಲಿಸಿದ್ದಾರೆ. ಸ್ವರಲಿಪಿಯಲ್ಲಿರುವ ವೇಗ ನಿಮಿಷಕ್ಕೆ 132 ಕ್ವೇವರ್. ನೀವು 100ರಲ್ಲಿ ಎಡಗೈ ಒಂದನ್ನೇ ಮೆಟ್ರೊನೋಮ್‌ಗೆ (ತಾಳ ಹಾಕುವ ಯಂತ್ರಕ್ಕೆ) ಕೂಡಿಸಿ. ಅದು ಅಲುಗದೆ ನಿಂತ ಮೇಲೆ ಬಲಗೈ ತುಸು ಹಿಂದೆಮುಂದೆ ಆಗಬಹುದು. ಎರಡೂ ಕೈ ಸೇರಿ ನಿಧಾನಿಸುವುದು ಸಂಗೀತವಾಕ್ಯದ ಕೊನೆಯಲ್ಲಿ ಮಾತ್ರ ಇರಲಿ.

ಪ್ರಶ್ನೆ: ಶೋಪಾನ್‌ನ ಓಪಸ್ 10ರ ಮೂರನೆಯ ಎಟ್ಯೂಡ್‌ನಲ್ಲಿ (ಅಭ್ಯಾಸಕೃತಿಯಲ್ಲಿ) ಹಾಡು, ಅದರ ಒತ್ತಾಸೆ ಎರಡೂ ಬಲಗೈಯಲ್ಲೇ ಇವೆಯಲ್ಲ?

ಉತ್ತರ: ಕೈಯ ತೂಕವನ್ನು ಕಿರುಬೆರಳಿನ ಕಡೆ ವಾಲಿಸಿ. ಮೇಲಿನ ಸ್ವರಗಳನ್ನು ಜೋರಾಗಿ, ಹಿಡಿದು ನುಡಿಸಿ. ಒಳಗಿನವನ್ನು ಅತಿ ಮೆಲ್ಲಗೆ, ತುಂಡುತುಂಡಾಗಿ. ಮಣಿಕಟ್ಟು ಬಿಗಿದರೆ ಅಲ್ಲೇ ನಿಲ್ಲಿಸಿ, ಸಡಿಲಿಸಿ, ಒಂದೇ ಬಾರ್‌ನಿಂದ ಮತ್ತೆ ಶುರುಮಾಡಿ.