‘ಶಾಣ್ಯಾಕಿ’ ಅನ್ನಿಸಿಕೊಂಡ ಹುಡುಗಿಗೆ

ಲಿಂಗಸುಗೂರು ತಾಲ್ಲೂಕಿನ ಓದುಗರೊಬ್ಬರು ಏಳು ಪುಟದ ಪತ್ರ ಬರೆದಿದ್ದಾರೆ. ಪೂರ್ತಿ ಹಾಕಲು ಜಾಗವಿಲ್ಲ. ಮುಖ್ಯ ಭಾಗ ಇಷ್ಟು:

“ಅಕ್ಕಾರೇ, ನನಗೆ ಹತ್ತು ವರ್ಷ ಇದ್ದಾಗಿನಿಂದ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗುತ್ತಿದ್ದರು. ದೀಪಾವಳಿ ಮುಗಿಸಿ ಹೋದರೆ ಯುಗಾದಿಗೆ ಬರೋದು. ಮನೆಯಲ್ಲಿ ಕಣ್ಣು ಮಂಜಾದ ಅಜ್ಜಿ, ಇಬ್ಬರು ತಮ್ಮಂದಿರು, ನಾನು. ಸಣ್ಣವನಿಗೆ ಎರಡು ವರ್ಷ. ರಾತ್ರಿ ಎದ್ದು ಹೋದಾನೆಂದು ನನ್ನ ಲಂಗದ ಲಾಡಿಯನ್ನು ಅವನ ಅಂಗಿಗೆ ಕಟ್ಟಿಕೊಂಡು ಮಲಗುತ್ತಿದ್ದೆ. ಊರವರು ‘ಭಾಳ ಶಾಣ್ಯಾಕಿ’ ಅನ್ನುತ್ತಿದ್ದರು. ಯಾರೂ ನನ್ನನ್ನು ಹೊಡೆದಿಲ್ಲ, ಉಪವಾಸ ಕೆಡವಿಲ್ಲ. ಈಗ ಕೊಪ್ಪಳದಲ್ಲಿ ನೌಕರಿ. ಅವ್ವ ನನ್ನ ಜೊತೆಗೇ ಇದ್ದಾಳೆ. ಅವಳಿಗೆ ಏನೂ ಕಡಿಮೆ ಮಾಡಿಲ್ಲ, ಆದರೆ ಹತ್ತಿರ ಕೂತು ಮಾತಾಡಲು ಮನಸ್ಸು ಬರೋದಿಲ್ಲ. ಮೊನ್ನೆ ಮಗಳು ಬಿದ್ದು ಅಳುತ್ತಾ ಬಂದಳು. ‘ಅತ್ತರೆ ಏನು ಬರ್ತದ, ಏಳು’ ಅಂದೆ. ಥಟ್ಟನೆ ಸುಮ್ಮನಾದಳು. ಅವಳು ಹಾಗೆ ಸುಮ್ಮನಾಗಿದ್ದು ನೋಡಿ ನನಗೇ ಹೆದರಿಕೆಯಾಯಿತು. ಹೊಟ್ಟೆಗಾಗಿ ದುಡಿಯಲು ಹೋದವರನ್ನು ದೂರುವುದು ಪಾಪ ಅಲ್ಲವೇ?”

ಹೆಸರು ಹಾಕಬೇಡಿ ಎಂದಿದ್ದೀರಿ. ತಂಗಿ ಎನ್ನುತ್ತೇನೆ, ಆಗಬಹುದು ಅಲ್ವಾ?

ಮೊದಲು ಪಾಪದ ಮಾತು. ತುಂಗಭದ್ರಾ ಕಾಲುವೆ ನೀರು ಸಿಂಧನೂರಿನ ಗದ್ದೆಗೆ ಹರಿಯುತ್ತದೆ, ಒಣ ಬೇಸಾಯದ ಊರುಗಳಿಗೆ ಹರಿಯುವುದಿಲ್ಲ. ಮಳೆ ಕೈಕೊಟ್ಟರೆ ಬೆಂಗಳೂರಿನ ಕಟ್ಟಡ ಕೆಲಸವೇ ಗತಿ. ನಿಮ್ಮ ಅಪ್ಪ ಅವ್ವ ಹೋಗದಿದ್ದರೆ ಒಲೆ ಉರಿಯುತ್ತಿರಲಿಲ್ಲ, ಅದು ನಿಜ. ನಿಮಗೆ ಬೇಕಾದದ್ದು ಸಿಗಲಿಲ್ಲ, ಇದೂ ನಿಜ. ನೀವು ಒಂದರಲ್ಲಿ ಇನ್ನೊಂದನ್ನು ವಜಾ ಮಾಡಿ ಲೆಕ್ಕ ಸರಿಯಾಯಿತು ಎನ್ನುತ್ತಿದ್ದೀರಿ. ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಹಾಗಂತ ಹತ್ತು ವರ್ಷದ ಹುಡುಗಿ ಕೊಡ ಹೊತ್ತರೆ, ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡರೆ ಅವಳ ಬದುಕೇ ಕೆಟ್ಟುಹೋಗುತ್ತದೆ ಎಂದೂ ನಾನು ನಂಬುವುದಿಲ್ಲ. ನ್ಯೂಯಾರ್ಕಿನ ಬಡ ಕುಟುಂಬಗಳ ಜೊತೆ ಕೆಲಸ ಮಾಡಿದ ಮನೋವೈದ್ಯ ಸಾಲ್ವಡೋರ್ ಮಿನುಚಿನ್ ಇಂಥ ಮಕ್ಕಳ ಬಗ್ಗೆ 1967ರಲ್ಲೇ ಬರೆದಿದ್ದಾರೆ. ‘ಪೇರೆಂಟಲ್ ಚೈಲ್ಡ್’ ಎಂದು ಕರೆದರು. ಅಪ್ಪ ಅಮ್ಮನ ಜಾಗದಲ್ಲಿ ನಿಂತ ಮಗು. ದೊಡ್ಡ ಸಂಸಾರದಲ್ಲಿ ಹಿರಿಯ ಮಗು ಹೆಗಲು ಕೊಡುವುದು ಸಹಜ ಎಂದೇ ಅವರೂ ಕಂಡರು. ದೊಡ್ಡವರು ಆ ಭಾರವನ್ನು ವಾಪಸ್ ಇಳಿಸಿಕೊಳ್ಳದಿದ್ದಾಗ, ಆ ಮಗುವಿಗೂ ಏನೋ ಬೇಕಿದೆ ಎಂಬುದು ಮರೆತುಹೋದಾಗ ತೊಂದರೆ ಶುರು.

ನಿಮ್ಮ ನಾಲ್ಕನೇ ಪುಟದಲ್ಲಿ ಅದು ಇದೆ. ಯುಗಾದಿಗೆ ಅವ್ವ ಬಸ್ಸಿಳಿದರು. ಸಣ್ಣವನನ್ನು ಎತ್ತಿ ಮುದ್ದಾಡಿದರು. ನಿಮ್ಮ ಕಡೆ ತಿರುಗಿ “ಜ್ವಾಳ ಎಷ್ಟು ಉಳದಾವ?” ಎಂದರು. ನೀವು ಸರಿಯಾದ ಲೆಕ್ಕ ಹೇಳಿದಿರಿ.

ಆ ಸಾಲನ್ನು ನಾನು ಮೂರು ಸಲ ಓದಿದೆ. ಅವ್ವ ಬೈಯಲಿಲ್ಲ, ಹೊಡೆಯಲಿಲ್ಲ. ರಾತ್ರಿ ಹೆದರಿಕೆ ಆಯ್ತೇನು ಅಂತ ಕೇಳಲಿಲ್ಲ, ಅಷ್ಟೇ. ಕೇಳದೇ ಹೋದದ್ದಕ್ಕೆ ಗಾಯದ ಗುರುತು ಉಳಿಯುವುದಿಲ್ಲ. ಅದಕ್ಕೇ ನೀವು ಮೂವತ್ತು ದಾಟಿದ ಮೇಲೂ “ನನಗೇನು ಆಗಿಲ್ಲ” ಎನ್ನುತ್ತೀರಿ. ಯಾರೂ ಕೇಳದಿದ್ದರೆ ಮಗು ಹೇಳುವುದನ್ನು ಬಿಡುತ್ತದೆ. ಆಮೇಲೆ ತನಗೆ ತಾನೇ ಹೇಳಿಕೊಳ್ಳುವುದನ್ನೂ ಬಿಡುತ್ತದೆ. ‘ಶಾಣ್ಯಾಕಿ’ ಎಂಬುದೊಂದೇ ನಿಮಗೆ ಸಿಕ್ಕ ಕೂಲಿ, ಅತ್ತರೆ ಆ ಕೂಲಿಯೂ ಹೋಗುತ್ತಿತ್ತು. ನಾನೂ ಹಿರಿಮಗಳೇ. ಆ ಮಾತು ಕಿವಿಗೆ ಬಿದ್ದರೆ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಜ್ವರ ಬಂದರೂ ಮಲಗಲಾಗದಿರುವುದು, ನೌಕರಿ ಹಿಡಿದ ತಮ್ಮನ ಬೈಕಿನ ಕಂತನ್ನು ಇನ್ನೂ ಕಟ್ಟುವುದು, ಗಂಡ ನಿಮ್ಮನ್ನು ‘ಇನ್ಸ್‌ಪೆಕ್ಟರ್’ ಎನ್ನುವುದು, ಎಲ್ಲ ಅಲ್ಲಿಂದಲೇ ಬಂದದ್ದಿರಬೇಕು. ಕಂತಿನ ಬಗ್ಗೆ ಒಂದೇ ಮಾತು: ಮುಂದಿನ ಸಲ ಅವನು ಕೇಳಿದಾಗ “ನಾಳೆ ಹೇಳ್ತೀನಿ” ಅನ್ನಿ. ಆ ಒಂದು ದಿನ ನಿಮಗೆಷ್ಟು ಕಷ್ಟವಾಗುತ್ತದೆ, ನೋಡಿ.

1998ರಲ್ಲಿ ಅಮೆರಿಕದಲ್ಲಿ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಮತ್ತು ಜೊತೆಗಾರರು ಬಾಲ್ಯದ ಕಷ್ಟಗಳ ಬಗ್ಗೆ ದೊಡ್ಡದೊಂದು ಅಧ್ಯಯನ ಪ್ರಕಟಿಸಿದರು. ಅದರ ಎರಡು ಸುತ್ತು ಸೇರಿ 17,000ಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದರು. ಮೊದಲು ಏಳು ಬಗೆಯ ಕಷ್ಟಗಳಿದ್ದ ಆ ಪಟ್ಟಿ ಆಮೇಲೆ ಹತ್ತಾಯಿತು; ಅದರಲ್ಲಿ ಹೊಡೆತ, ಬೈಗುಳದ ಜೊತೆ ‘ಮನಸ್ಸನ್ನು ಗಮನಿಸದಿರುವುದು’ ಕೂಡ ಸೇರಿದೆ. ಇಂಥ ಕಷ್ಟಗಳು ಕೂಡುತ್ತ ಹೋದಂತೆ ದೊಡ್ಡವರಾದ ಮೇಲೆ ಖಿನ್ನತೆ, ಹೃದಯದ ಕಾಯಿಲೆ ಜಾಸ್ತಿ ಕಂಡವು. ಆದರೆ ಅದು ಸಾವಿರಾರು ಜನರ ಲೆಕ್ಕ, ನಿಮ್ಮ ಹಣೆಬರಹ ಅಲ್ಲ. ಅವರೆಲ್ಲ ವಿಮೆ ಇದ್ದ ಅಮೆರಿಕನ್ನರು, ಗುಳೆ ಹೋದ ಮನೆಯವರಲ್ಲ. ಸುಮ್ನೆ ಅಂಕ ಹಾಕಿಕೊಂಡು ಗಾಬರಿಯಾಗಬೇಡಿ.

ಮಗಳ ವಿಷಯ ಇದಕ್ಕಿಂತ ಸುಲಭ. ಬಾಯಿಗೆ ಬಂದ ಮಾತು ಬಂದೇ ಬರುತ್ತದೆ, ನಿಮ್ಮ ನಾಲಿಗೆಗೆ ಅಭ್ಯಾಸ ಅದು. ಹತ್ತು ನಿಮಿಷ ಬಿಟ್ಟು ಅವಳ ಹತ್ತಿರ ಹೋಗಿ. “ಆಗ ಏಳು ಅಂದೆ, ನೋವಾಗಿತ್ತಾ?” ಎಂದು ಕೇಳಿ. ತಡವಾಗಿ ಕೇಳಿದರೂ ಮಕ್ಕಳು ಹೇಳುತ್ತಾರೆ.

ನಿದ್ದೆ ಇಲ್ಲ ಎಂದೂ ಬರೆದಿದ್ದೀರಿ. ಅದಕ್ಕೆ ಸಂಪಾದಕಿಯ ಮಾತು ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಸಿಗುತ್ತಾರೆ. ‘ನಮ್ಮ ಕಡೆ ಇದಕ್ಕೆಲ್ಲ ಯಾರು ಹೋಗ್ತಾರೆ’ ಎಂದಿದ್ದೀರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಊರ ಹತ್ತಿರವೇ ಮನಸ್ಸಿನ ಚಿಕಿತ್ಸೆ ಸಿಗುವಂತೆ ಮಾಡಿ ನೋಡಿದ್ದು ಇದೇ ಬಳ್ಳಾರಿಯಲ್ಲಿ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೇಶಕ್ಕೆ ದಾರಿ ತೋರಿಸಿದ ಸೀಮೆಯವರು ನಾವು. ನಾಚಿಕೆ ಯಾಕೆ?

ಇನ್ನು ಅವ್ವ. ಅವರಿಂದ ತಪ್ಪೊಪ್ಪಿಗೆ ಕೇಳಲು ಹೋಗಬೇಡಿ, ಸಿಗುವುದಿಲ್ಲ. ಪ್ರೀತಿ ಉಕ್ಕಲಿಲ್ಲವೆಂದು ನಿಮ್ಮನ್ನೂ ಬೈದುಕೊಳ್ಳಬೇಡಿ. ರೊಟ್ಟಿ ತಟ್ಟುವಾಗಲೋ, ಸಂಜೆ ಕಟ್ಟೆ ಮೇಲೆ ಕೂತಾಗಲೋ ಒಂದು ಪ್ರಶ್ನೆ ಕೇಳಿ: “ಬೆಂಗಳೂರಾಗ ರಾತ್ರಿ ಎಲ್ಲಿ ಮಲಗತಿದ್ದಿ?” ಅವರು ಹೇಳಬಹುದು. “ಈಗ್ಯಾಕ ಅದೆಲ್ಲ” ಎಂದು ಎದ್ದು ಹೋಗಲೂಬಹುದು. ಹೋದರೆ ಬಿಟ್ಟುಬಿಡಿ. ಕೂತರೆ, ಆ ಲಾಡಿಯ ವಿಷಯ ಹೇಳಿ. ಪತ್ರ ನೋಡಿದರೆ ಅದನ್ನು ಅವರಿಗೆ ನೀವಿನ್ನೂ ಹೇಳಿದಂತಿಲ್ಲ.