ಕೋರ್ಟ್ ಹೇಳಿದರೂ ಅಲಬಾಮಾ ಶಾಸಕರು ಕ್ಷೇತ್ರಗಳ ನಕ್ಷೆ ಯಾಕೆ ಬದಲಿಸಲಿಲ್ಲ? ಆಮೇಲೆ ಏನಾಯ್ತು?

ಬದಲಿಸಿದರು, ಆದರೆ ಹೆಸರಿಗೆ ಮಾತ್ರ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ನೂರಕ್ಕೆ ಸುಮಾರು 27 ಮಂದಿ ಕಪ್ಪು ಜನ. ಅಲ್ಲಿಂದ ಸಂಸತ್ತಿನ ಕೆಳಮನೆಗೆ 7 ಸೀಟು. ಕಪ್ಪು ಮತದಾರರು ಹೆಚ್ಚಿದ್ದ ಕ್ಷೇತ್ರ ಮಾತ್ರ ಒಂದೇ. ಉಳಿದವರನ್ನು ಬೇರೆ ಬೇರೆ ಕ್ಷೇತ್ರಗಳಿಗೆ ಹಂಚಿದ್ದರು. ಹಾಗೆ ಒಡೆದರೆ ಅವರ ವೋಟಿಗೆ ಬಲ ಎಲ್ಲಿಂದ ಬರಬೇಕು, ಅಲ್ವಾ?

ಮತದಾನದಲ್ಲಿ ಜನಾಂಗೀಯ ತಾರತಮ್ಯ ತಡೆಯುವ 1965ರ ಮತದಾನ ಹಕ್ಕು ಕಾಯ್ದೆ ಹಿಡಿದು ಮತದಾರರು ಕೋರ್ಟಿಗೆ ಹೋದರು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಅವರ ಪರ ನಿಂತಿತು. ಕೋರ್ಟ್ ಹೇಳಿದಂತೆ ಇನ್ನೊಂದು, ಅಂದರೆ ಎರಡನೇ ಕ್ಷೇತ್ರದಲ್ಲೂ ಕಪ್ಪು ಮತದಾರರು ಬಹುಮತ ಅಥವಾ ಅದರ ಹತ್ತಿರ ಇರಬೇಕಿತ್ತು. ಮರುತಿಂಗಳೇ ಶಾಸಕರು ಹೊಸ ನಕ್ಷೆ ತಂದರು. ಅದರಲ್ಲಿ ಆ ಪಾಲು ನೂರಕ್ಕೆ ಸುಮಾರು 40ಕ್ಕೇ ನಿಂತಿತ್ತು! ಅಲ್ಲಿ ಬಿಳಿಯರು ಹೆಚ್ಚಾಗಿ ರಿಪಬ್ಲಿಕನ್ ಪಕ್ಷಕ್ಕೆ, ಕಪ್ಪು ಜನ ಹೆಚ್ಚಾಗಿ ಡೆಮಾಕ್ರಟಿಕ್ ಪಕ್ಷಕ್ಕೆ ವೋಟು ಹಾಕುತ್ತಾರೆ. ಹಾಗಾಗಿ 40 ಅಂದರೆ ಕಪ್ಪು ಮತದಾರರ ಆಯ್ಕೆಗೆ ಸೋಲು ಬಹುತೇಕ ಖಚಿತ. ಇದು ಶಾಸಕರಿಗೂ ಚೆನ್ನಾಗಿ ಗೊತ್ತಿತ್ತು. ನನ್ನ ಪ್ರಕಾರ ಇದು ನೇರ ಅವಿಧೇಯತೆ. ಶಾಸನಸಭೆಯಲ್ಲಿ ಬಹುಮತವಿದ್ದ ರಿಪಬ್ಲಿಕನ್ನರಿಗೆ ಸೀಟು ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಕೆಳ ಕೋರ್ಟಿನ ಮೂವರು ನ್ಯಾಯಾಧೀಶರ ಪೀಠ ಆ ನಕ್ಷೆಯನ್ನು ತಳ್ಳಿಹಾಕಿತು. ತಾನೇ ನೇಮಿಸಿದ ತಜ್ಞರಿಂದ ಬೇರೆ ನಕ್ಷೆ ಬರೆಸಿತು. 2024ರಲ್ಲಿ ಆ ಎರಡನೇ ಕ್ಷೇತ್ರದಿಂದ ಡೆಮಾಕ್ರಟಿಕ್ ಪಕ್ಷದ ಕಪ್ಪು ಅಭ್ಯರ್ಥಿ ಶೊಮಾರಿ ಫಿಗರ್ಸ್ ಗೆದ್ದರು. ರಾಜ್ಯದಿಂದ ಏಕಕಾಲಕ್ಕೆ ಇಬ್ಬರು ಕಪ್ಪು ಸಂಸದರು ಆಯ್ಕೆಯಾದರು.