‘22.05ಕ್ಕೆ ಬೆಂಬಲ ಇಲ್ಲ’ ಎಂದರೆ ಏನು?

(ವಿರಾಜಪೇಟೆ ಕಡೆಯ ಕಾಲೇಜೊಂದರ ಗ್ರಂಥಪಾಲಕರು ಹೆಸರು ಬೇಡವೆಂದು ಕೋರಿ ಬರೆದಿದ್ದಾರೆ. ಪತ್ರದ ಸಾರ ಇಷ್ಟು: ಅವರ ಗ್ರಂಥಾಲಯ ಉಬುಂಟು 20.04 ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ಕೋಹಾ ಎಂಬ ಗ್ರಂಥಾಲಯ ನಿರ್ವಹಣೆಯ ಮುಕ್ತ ತಂತ್ರಾಂಶದ 22.05 ಆವೃತ್ತಿಯನ್ನು ನಡೆಸುತ್ತಿದೆ. ಪುಸ್ತಕ ವಿತರಣೆಯ ಒಂದು ವರದಿ ಸರಿಯಾಗಿ ಬರುತ್ತಿಲ್ಲ ಎಂದು ಬಲ್ಲವರೊಬ್ಬರನ್ನು ಕೇಳಿದಾಗ ‘ಆ ಆವೃತ್ತಿಗೆ ಈಗ ಬೆಂಬಲ ಇಲ್ಲ, ಮೊದಲು ಅಪ್‌ಗ್ರೇಡ್ ಮಾಡಿ’ ಎಂದಷ್ಟೇ ಉತ್ತರ ಬಂತು. “ಚೆನ್ನಾಗಿಯೇ ಓಡುತ್ತಿರುವುದನ್ನು ಹೀಗೆ ಕೈಬಿಟ್ಟರೆ ನಾವು ಯಾರನ್ನು ಕೇಳಬೇಕು? ದುಡ್ಡು ಕೊಟ್ಟು ಬೇರೆಯದನ್ನು ಕೊಳ್ಳುವುದೇ ವಾಸಿಯಲ್ಲವೇ?” – ಇದು ಅವರ ಪ್ರಶ್ನೆ.)

ಮಾನ್ಯರೇ,

ಆ ಒಂದು ಸಾಲಿನ ಉತ್ತರ ಒರಟಾಯಿತು, ಒಪ್ಪುತ್ತೇವೆ. ತಪ್ಪು ಮಾತ್ರ ಅಲ್ಲ.

ತೊಡಕಿರುವುದು ‘ಬೆಂಬಲ’ ಎಂಬ ಪದದಲ್ಲಿ. ಇನ್ವರ್ಟರ್ ಕೊಂಡಾಗ ಸಿಗುವ ವಾರಂಟಿ ಕಾರ್ಡು ಮಾರಿದವನು ಕೊಂಡವನಿಗೆ ಕೊಟ್ಟ ಮಾತು. ಕೋಹಾವನ್ನು ನಿಮಗೆ ಯಾರೂ ಮಾರಿಲ್ಲ. ಯಾವ ಖಾತರಿಯೂ ಇಲ್ಲವೆಂದು ಅದರ ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲೇ ಬರೆದಿದೆ. ಇಲ್ಲಿ ‘ಬೆಂಬಲ ಇದೆ’ ಎಂದರೆ, ಆ ಆವೃತ್ತಿಗೆ ತಿದ್ದುಪಡಿಗಳನ್ನು ತಂದು ಸೇರಿಸುವ ಕೆಲಸಕ್ಕೆ ಸದ್ಯ ಒಬ್ಬರು ಕೈಯೆತ್ತಿದ್ದಾರೆ ಎಂದರ್ಥ. ‘ಇಲ್ಲ’ ಎಂದರೆ ಆ ಜಾಗದಲ್ಲಿ ಯಾರೂ ನಿಂತಿಲ್ಲ. ನಾಟಿಗೆ ಮುಯ್ಯಾಳಾಗಿ ಬಂದವರನ್ನು ಹೋದ ವರ್ಷ ಪಾಳು ಬಿಟ್ಟ ಗದ್ದೆಗೂ ಇಳಿಯಿರಿ ಎಂದರೆ ಅವರೇನು ಹೇಳಿಯಾರು?

ಕೋಹಾದಲ್ಲಿ ವರ್ಷಕ್ಕೆ ಎರಡು ಆವೃತ್ತಿ, ಮೇ ತಿಂಗಳಲ್ಲೊಂದು, ನವೆಂಬರಿನಲ್ಲೊಂದು. 22.05 ಎಂಬ ಸಂಖ್ಯೆಯಲ್ಲೇ ವರ್ಷವೂ ತಿಂಗಳೂ ಇವೆ. ಒಂದು ದೋಷಕ್ಕೆ ಯಾರೋ ತಿದ್ದುಪಡಿ ಬರೆದರೆ, ಇನ್ನೊಬ್ಬರು ಅದನ್ನು ಓಡಿಸಿ ನೋಡಿ ‘ಸೈನ್ ಆಫ್’ ಮಾಡಬೇಕು. ಆಮೇಲೆ ಗುಣಮಟ್ಟದ ತಂಡ ನೋಡಬೇಕು. ಬಳಿಕ ಅದು ಮುಖ್ಯ ಶಾಖೆಗೆ ಸೇರುತ್ತದೆ. ಅಲ್ಲಿಂದ ಹಳೆಯ ಆವೃತ್ತಿಗಳಿಗೆ ಇಳಿಸುವುದು ಆಯಾ ಆವೃತ್ತಿಯ ನಿರ್ವಾಹಕರ ಪಾಲು. ಈ ಇಳಿಸುವ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಸುತ್ತಲಿನ ಕೋಡು ಬದಲಾಗಿರುತ್ತದೆ, ಹಾಗಾಗಿ ತಿದ್ದುಪಡಿ ನೇರವಾಗಿ ಕೂರುವುದಿಲ್ಲ. ಕೂರಿಸಿದರೂ ಪರೀಕ್ಷಿಸಲು ಆ ಹಳೆಯ ಆವೃತ್ತಿ ಯಾರ ಬಳಿಯೂ ಇರುವುದಿಲ್ಲ. ‘ಮೊದಲು ಅಪ್‌ಗ್ರೇಡ್ ಮಾಡಿ’ ಎನ್ನುವುದು ಇದಕ್ಕೇ. ನಿಮ್ಮ ದೋಷ ಹೊಸ ಆವೃತ್ತಿಯಲ್ಲಿ ಈಗಾಗಲೇ ಸರಿಹೋಗಿರಬಹುದು.

ದೀರ್ಘಾವಧಿ ಬೆಂಬಲ, ಅಂದರೆ ಎಲ್‌ಟಿಎಸ್, ಸಿಕ್ಕಿದ್ದು 22.11ಕ್ಕೆ, ಆಮೇಲೆ 24.11ಕ್ಕೆ. ನಿಮ್ಮದು ಆರೇ ತಿಂಗಳಲ್ಲಿ ತಪ್ಪಿಹೋಯಿತು.

ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಕೋಹಾದ ಕೆಳಗಿರುವ ಉಬುಂಟು 20.04. ಅದಕ್ಕೆ ಭದ್ರತಾ ತಿದ್ದುಪಡಿ ಸಿಗುವ ಉಚಿತ ಐದು ವರ್ಷದ ಅವಧಿ 2025ರ ಮೇ ತಿಂಗಳಲ್ಲಿ ಮುಗಿದಿದೆ. ಉಬುಂಟು ಪ್ರೊ ಎಂಬ ಚಂದಾ ಮೂಲಕ ಮುಂದುವರಿಸಬಹುದು, ಆದರೆ ಉಚಿತವಾಗಿ ಸಿಗುವುದು ವೈಯಕ್ತಿಕ ಬಳಕೆಯ 5 ಯಂತ್ರಗಳಿಗೆ ಮಾತ್ರ. ಉಬುಂಟುವಿನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಡೆಬಿಯನ್ನಿನಲ್ಲಿ ಮೊದಲ ಮೂರು ವರ್ಷ ಭದ್ರತಾ ತಂಡ ನೋಡಿಕೊಂಡರೆ ಮುಂದಿನ ಎರಡು ವರ್ಷ ಬೇರೊಂದು ಗುಂಪು ನೋಡಿಕೊಳ್ಳುತ್ತದೆ. ಡೆಬಿಯನ್ 12ಕ್ಕೆ ಹೀಗೆ 2028ರ ಜೂನ್‌ವರೆಗೆ ಸಮಯವಿದೆ. ನಿಮ್ಮ ಪುಸ್ತಕ ಸೂಚಿ ಅಂತರ್ಜಾಲಕ್ಕೆ ತೆರೆದಿದ್ದರೆ, ಕೆಲಸ ಮುಗಿಯುವವರೆಗೆ ಅದನ್ನು ಕ್ಯಾಂಪಸ್ಸಿನ ಒಳಜಾಲಕ್ಕಷ್ಟೇ ಸೀಮಿತಗೊಳಿಸಿ. ಸಿಬ್ಬಂದಿಯ ಪುಟವಂತೂ ಹೊರಗೆ ಕಾಣಲೇಬಾರದು.

ಇನ್ನು ಕೆಲಸದ ಮಾತು. ಓಡುತ್ತಿರುವ ಯಂತ್ರವನ್ನು ಮುಟ್ಟಬೇಡಿ. ಇನ್ನೊಂದು ಯಂತ್ರದಲ್ಲಿ ಡೆಬಿಯನ್ 12, ಅದರ ಮೇಲೆ ಕೋಹಾ 24.11 ಹಾಕಿ. ಪ್ಯಾಕೇಜಿನ ಮೂಲವನ್ನು ಬರೆಯುವಾಗ ‘ಸ್ಟೇಬಲ್’ ಎಂದು ಬರೆಯದೆ ‘24.11’ ಎಂದೇ ಬರೆಯಿರಿ. ‘ಸ್ಟೇಬಲ್’ ಎಂದರೆ ಆಯಾ ಕಾಲದ ಹೊಸ ಆವೃತ್ತಿ. ಯಾವುದೋ ಸಾಮಾನ್ಯ ಅಪ್‌ಡೇಟಿನ ದಿನ ನಿಮಗರಿವಿಲ್ಲದೆ ಇಡೀ ಆವೃತ್ತಿಯೇ ಜಿಗಿದಿರುತ್ತದೆ.

ಹಳೆಯ ಯಂತ್ರದಲ್ಲಿ ಕೋಹಾ-ಡಂಪ್ ಎಂಬ ಪ್ರತಿ ತೆಗೆಯುವ ಆಜ್ಞೆ ಓಡಿಸಿದರೆ ಎರಡು ಕಡತ ಸಿಗುತ್ತವೆ: ಡೇಟಾಬೇಸಿನ ಎಸ್‌ಕ್ಯೂಎಲ್ ಒಂದು, ಸಂರಚನೆಯ ಟಾರ್ ಇನ್ನೊಂದು. ಎರಡೂ ಬೇಕು. ಎರಡು ಹಂತದ ಲಾಗಿನ್ ಬಳಸುತ್ತಿದ್ದರೆ ಅದರ ಗೂಢಲಿಪಿ ಕೀ ಎರಡನೆಯದರಲ್ಲಿದೆ. ದಿನಾ ಬ್ಯಾಕಪ್ ತಾನಾಗಿಯೇ ಆಗುತ್ತಿದೆ ಎಂದು ಬರೆದಿದ್ದೀರಿ. ನಿಜವೇ, ಆದರೆ ಹಾಗೇ ಬಿಟ್ಟರೆ ಅದು ಎರಡು ದಿನದ ಪ್ರತಿಗಳನ್ನಷ್ಟೇ ಇಟ್ಟುಕೊಳ್ಳುತ್ತದೆ, ಅದೂ ಅದೇ ಡಿಸ್ಕಿನಲ್ಲಿ. ಡಿಸ್ಕ್ ಹೋದರೆ ಬ್ಯಾಕಪ್ಪೂ ಹೋಯಿತು.

ಹೊಸ ಯಂತ್ರದ ಖಾಲಿ ಡೇಟಾಬೇಸಿಗೆ ಹಳೆಯ ಎಸ್‌ಕ್ಯೂಎಲ್ ತುಂಬಿ, ಡೇಟಾಬೇಸಿನ ವಿನ್ಯಾಸವನ್ನು (ಸ್ಕೀಮಾ) ಹೊಸ ಆವೃತ್ತಿಗೆ ಹೊಂದಿಸುವ ಕೋಹಾ-ಅಪ್‌ಗ್ರೇಡ್-ಸ್ಕೀಮಾ ಆಜ್ಞೆ ಓಡಿಸಿ. ನಡುವಿನ ಆವೃತ್ತಿಗಳನ್ನು ಒಂದೊಂದಾಗಿ ಹಾಕಬೇಕಿಲ್ಲ, ಎಲ್ಲ ಬದಲಾವಣೆಗಳನ್ನೂ ಅದೇ ಸಾಲಾಗಿ ಮಾಡಿಕೊಳ್ಳುತ್ತದೆ. ಇಷ್ಟಾದ ಮೇಲೆ ಹುಡುಕಿದರೆ ಒಂದು ಪುಸ್ತಕವೂ ಸಿಗುವುದಿಲ್ಲ. ಎಷ್ಟೋ ಜನ ಇಲ್ಲೇ ಎದೆಗುಂದಿ ಹಳೆಯದಕ್ಕೆ ಮರಳುವುದು. ದಾಖಲೆಗಳು ಎಲ್ಲೂ ಹೋಗಿಲ್ಲ, ಕೋಹಾದ ಹುಡುಕುವ ಯಂತ್ರಾಂಶವಾದ ಜೀಬ್ರಾ ಇನ್ನೂ ಹುಡುಕಾಟದ ಸೂಚಿ (ಇಂಡೆಕ್ಸ್) ಕಟ್ಟಿಲ್ಲ ಅಷ್ಟೆ. ಕೋಹಾ-ರೀಬಿಲ್ಡ್-ಜೀಬ್ರಾವನ್ನು ‘ಎಫ್’ ಗುರುತಿನೊಂದಿಗೆ ಓಡಿಸಿ.

ಕನ್ನಡ ಪುಸ್ತಕಗಳ ವಿಷಯದಲ್ಲಿ ಮಾತ್ರ ಇನ್ನೊಂದು ಹೆಜ್ಜೆ ಇದೆ. ಕನ್ನಡ ಲಿಪಿಯ ಹುಡುಕಾಟ ಸರಿಯಾಗಿ ನಡೆಯಲು ಜೀಬ್ರಾಗೆ ಐಸಿಯು ಎಂಬ, ಯೂನಿಕೋಡ್ ಅಕ್ಷರಗಳನ್ನು ನಿಭಾಯಿಸುವ ವಿಧಾನ ಬೇಕು. ಅದನ್ನು ಯಾರೋ ಹಿಂದೆ ನಿಮ್ಮ ಯಂತ್ರದ ಡಿಫಾಲ್ಟ್.ಐಡಿಎಕ್ಸ್ ಕಡತದಲ್ಲಿ ಕೈಯಾರೆ ತಿದ್ದಿಟ್ಟಿರುತ್ತಾರೆ. ಆ ಕಡತ ಡಂಪಿನ ಜೊತೆ ಬರುವುದಿಲ್ಲ. ಹೊಸ ಯಂತ್ರದಲ್ಲೂ ಅದನ್ನು ತಿದ್ದಿ, ಮತ್ತೊಮ್ಮೆ ಸೂಚಿ ಕಟ್ಟಿ. ಮುಂದೆ ಅಪ್‌ಡೇಟ್ ಮಾಡುವಾಗ ‘ಈ ಕಡತವನ್ನು ಬದಲಿಸಲೇ?’ ಎಂದು ಯಂತ್ರ ಕೇಳಿದರೆ ‘ವೈ’ ಒತ್ತಬೇಡಿ. ಒತ್ತಿದಿರೋ, ಆ ತಿದ್ದುಪಡಿ ಅಳಿಸಿತು.

ವಿತರಣೆ, ವಾಪಸು, ದಂಡ, ಕನ್ನಡದಲ್ಲಿ ಹತ್ತು ಹುಡುಕಾಟ, ನೀವೇ ಬರೆದಿಟ್ಟ ಎಸ್‌ಕ್ಯೂಎಲ್ ವರದಿಗಳು, ಇಷ್ಟನ್ನೂ ಒಂದು ವಾರ ಪರೀಕ್ಷಿಸಿ. ವರದಿಗಳು ಕೈಕೊಡುವುದು ಕೋಷ್ಟಕ ಬದಲಾದಾಗ. 17.05ರಲ್ಲಿ ಮಾರ್ಕ್ ದಾಖಲೆಯ (ಪುಸ್ತಕದ ವಿವರ ಬರೆದಿಡುವ ಮಾದರಿ) ಎಕ್ಸ್‌ಎಂಎಲ್ ಬೇರೆ ಕೋಷ್ಟಕಕ್ಕೆ ಹೋಗಿ, ಅದನ್ನು ಬಳಸುತ್ತಿದ್ದ ಹಳೆಯ ವರದಿಗಳು ನಿಂತಿದ್ದವು. ಎಲ್ಲ ಸರಿಯೆನಿಸಿದ ಮೇಲೆ ಒಂದು ಸಂಜೆ ವಿತರಣೆ ನಿಲ್ಲಿಸಿ, ಹೊಸದಾಗಿ ಡಂಪ್ ತೆಗೆದು, ಅದೇ ಹೆಜ್ಜೆಗಳನ್ನು ಮತ್ತೆ ಹಾಕಿ.

ಆ ಸಂಜೆ ಜೂನ್‌ನಿಂದ ಆಗಸ್ಟಿನ ನಡುವೆ ಬೇಡ. ಮಳೆಗಾಲದ ನಮ್ಮ ಕರೆಂಟನ್ನು ನಂಬಿ ಸ್ಕೀಮಾ ಅಪ್‌ಗ್ರೇಡಿಗೆ ಕೈಹಾಕಬಾರದು. ದಸರಾ ರಜೆ ಅನುಕೂಲ. ಆಗಲೂ ಯುಪಿಎಸ್ ಇರಲಿ. ಪ್ಯಾಕೇಜು ಹಾಕುವಾಗಲೇ ಕರೆಂಟು ಹೋದರೆ ‘ಡಿಪಿಕೆಜಿ ಕಾನ್ಫಿಗರ್ ಎ’ ಆಜ್ಞೆಯಿಂದ ಮುಂದುವರಿಸಬಹುದು. ಸ್ಕೀಮಾ ನಡುವೆ ಹೋದರೆ ಡಂಪ್‌ನಿಂದ ಮತ್ತೆ ಶುರುಮಾಡುವುದೇ ಕ್ಷೇಮ.

ದುಡ್ಡು ಕೊಟ್ಟು ಬೇರೆಯದನ್ನು ಕೊಳ್ಳುವ ಮಾತಿಗೆ ಬರೋಣ. ಕೋಹಾ ಹುಟ್ಟಿದ್ದೇ ನ್ಯೂಜಿಲೆಂಡಿನ ಹೊರೊಫೆನುವಾ ಗ್ರಂಥಾಲಯ ಟ್ರಸ್ಟಿನ ಹಳೆಯ ವ್ಯವಸ್ಥೆ 2000ನೇ ಇಸವಿಯ ದಿನಾಂಕ ತಾಳಲಾರದೆ ಹೋದದ್ದರಿಂದ. 2000ದ ಜನವರಿಯಲ್ಲಿ ಅದು ಬಳಕೆಗೆ ಬಂತು. ಕೊಂಡ ಸಾಫ್ಟ್‌ವೇರಿಗೂ ಬೆಂಬಲ ಮುಗಿಯುತ್ತದೆ, ಆಗ ನಿಮ್ಮ ಕೈಯಲ್ಲಿ ಕೋಡೂ ಇರುವುದಿಲ್ಲ. ಕೋಹಾವನ್ನೇ ಇಟ್ಟುಕೊಂಡು ದುಡ್ಡನ್ನು ಬೆಂಬಲಕ್ಕೆ ಕೊಡಿ ಎಂಬುದು ನಮ್ಮ ಅಭಿಪ್ರಾಯ. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಪತ್ರದಲ್ಲಿ ಎಷ್ಟು ಗಂಟೆಯೊಳಗೆ ಉತ್ತರ, ವರ್ಷಕ್ಕೆ ಎಷ್ಟು ಅಪ್‌ಗ್ರೇಡ್, ಬ್ಯಾಕಪ್ಪಿನಿಂದ ಮರುಸ್ಥಾಪಿಸಿ ತೋರಿಸುವುದು ಎಷ್ಟು ಬಾರಿ, ರೂಟ್ ಪಾಸ್‌ವರ್ಡ್ ಕಾಲೇಜಿನ ಬಳಿ ಇರುತ್ತದೆಯೇ, ಇವನ್ನು ಬರೆಸಿಕೊಳ್ಳಿ. ಕೊನೆಯದಕ್ಕೆ ಒಪ್ಪದವರಿಗೆ ಕೆಲಸ ಕೊಡಬೇಡಿ.

ಅಪ್‌ಗ್ರೇಡ್ ಆದ ಮೇಲೂ ಆ ವರದಿ ತಪ್ಪಾಗಿಯೇ ಬಂದರೆ ದೋಷಗಳನ್ನು ದಾಖಲಿಸುವ ತಾಣವಾದ ಕೋಹಾದ ಬಗ್ಜಿಲ್ಲಾದಲ್ಲಿ ಬರೆಯಿರಿ. ಕೋಹಾ ಮತ್ತು ಡೆಬಿಯನ್ ಆವೃತ್ತಿ, ಒತ್ತಿದ ಗುಂಡಿಗಳ ಕ್ರಮ, ಬರಬೇಕಾದ ಅಂಕಿ, ಬಂದ ಅಂಕಿ, ಲಾಗ್ ಕಡತದ ಆ ಹೊತ್ತಿನ ಸಾಲುಗಳು ಇರಲಿ. ವಿದ್ಯಾರ್ಥಿಗಳ ಹೆಸರು ಅಳಿಸಿ. ಯಾರಾದರೂ ತಿದ್ದುಪಡಿ ಬರೆದರೆ, ಏನನ್ನೂ ಇನ್‌ಸ್ಟಾಲ್ ಮಾಡದೆ ಬ್ರೌಸರಿನಲ್ಲೇ ಪರೀಕ್ಷಿಸಿ ಸೈನ್ ಆಫ್ ಮಾಡಲು ಕೋಹಾದ ಸ್ಯಾಂಡ್‌ಬಾಕ್ಸ್‌ಗಳಿವೆ (ಪ್ರಯೋಗಕ್ಕೆಂದೇ ಇರುವ ಪ್ರತಿಗಳು). ಅದಕ್ಕೆ ಪ್ರೋಗ್ರಾಮಿಂಗ್ ಬರಬೇಕಿಲ್ಲ. ಎಷ್ಟೋ ತಿದ್ದುಪಡಿಗಳು ಸೈನ್ ಆಫ್ ಮಾಡುವ ಎರಡನೆಯವರು ಸಿಗದೆ ಕಾಯುತ್ತಿರುತ್ತವೆ. ವಿತರಣೆಯ ಮೇಜಿನಲ್ಲಿ ದಿನವೂ ಕೂರುವ ನಿಮಗಿಂತ ಚೆನ್ನಾಗಿ ಅದನ್ನು ನೋಡಬಲ್ಲವರು ಕಡಿಮೆ.

– ಸಂ.